ಧಡಾರ್ ಅಂದ ಮೇಲೇ ಅಪಘಾತ

ಯಾವ ಬೀದಿಯಲ್ಲಾದರೂ ಅಂಥವನೊಬ್ಬ ಇದ್ದೇ ಇರುತ್ತಾನೆ. ರೇಷನ್ ಕಾರ್ಡಿನಲ್ಲಿ ಅವನ ಹೆಸರು ಏನೇ ಇರಲಿ, ನಾವು ಸದ್ದಪ್ಪ ಅನ್ನೋಣ. ‘ಲಾರಿಯೊಂದು ಕರೆಂಟು ಕಂಬಕ್ಕೆ ಗುದ್ದಿತು’ ಎಂಬ ನಾಲ್ಕು ಪದದ ಸುದ್ದಿ ಅವನ ಬಾಯಿಗೆ ಬಿದ್ದರೆ ಹೀಗಾಗುತ್ತದೆ: “ಲಾರಿ ಬಂತು ಭರ್ರ್ರ್... ಬ್ರೇಕು ಕಿರ್ರ್ರ್ರ್... ಕಂಬಕ್ಕೆ ಧಡಾರ್! ಗಾಜು ಫಳ್! ತಂತಿ ಚಟಚಟಚಟ... ಇಡೀ ಬೀದಿ ಕರೆಂಟು ಫಟ್!” ಇಷ್ಟುದ್ದ ಕಥೆಯಲ್ಲಿ ಕ್ರಿಯಾಪದ ಒಂದೇ, ‘ಬಂತು’. ಮಿಕ್ಕ ಕೆಲಸವನ್ನೆಲ್ಲ ಸದ್ದೇ ಮಾಡಿ ಮುಗಿಸಿರುತ್ತದೆ.

ಬಾಯೊಂದರಿಂದ ಆಗುವ ಕೆಲಸವಲ್ಲ ಇದು. ‘ಸರ್ರ್’ ಅನ್ನಲು ಒಂದು ಕೈ ಸಾಕು. ‘ಧಡಾರ್’ಗೆ ಎರಡೂ ಅಂಗೈ ಬೇಕು. ‘ಫಳ್’ ಅಂದಾಗ ಹತ್ತು ಬೆರಳೂ ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಆ ಹೊತ್ತಿಗೆ ಅವನ ಕೈಯಲ್ಲಿ ಬೈಟು ಕಾಫಿ ಇದ್ದರೆ, ಎದುರಿಗೆ ನಿಂತವರು ಬಿಳಿ ಶರ್ಟಿನಲ್ಲಿ ಇರಬಾರದು.

ಶಾಲೆಯಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ವ್ಯಾಕರಣದಲ್ಲಿ ಅವನಿಗೆ ಇವತ್ತಿಗೂ ನೆನಪಿರುವುದು ಒಂದೇ ಪಾಠ. ‘ಬೇಗಬೇಗ’ ದ್ವಿರುಕ್ತಿ, ಅರ್ಧ ಮುರಿದರೂ ‘ಬೇಗ’ಕ್ಕೆ ಅರ್ಥ ಉಳಿಯುತ್ತದೆ. ‘ದಬದಬ’ ಅನುಕರಣಾವ್ಯಯ, ಮುರಿದರೆ ‘ದಬ’ ಮಾತ್ರ ಕೈಗೆ ಬರುತ್ತದೆ, ಅದನ್ನಿಟ್ಟುಕೊಂಡು ಏನು ಮಾಡುವುದು? 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅವ್ಯಯಕ್ಕೆಂದೇ ಒಂದು ಪ್ರಕರಣ ಇಟ್ಟ. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಜಗ್ಗದ್ದು ಅವ್ಯಯ. ಸದ್ದಪ್ಪನೂ ಅದೇ ಜಾತಿ. ಎದುರಿಗೆ ಡಾಕ್ಟರಿರಲಿ, ಬೀಗರಿರಲಿ, ಅವನ ರೂಪ ಬದಲಾಗುವುದಿಲ್ಲ.

ಡಾಕ್ಟರು “ಏನಾಗ್ತಿದೆ?” ಎಂದು ಕೇಳಿದರೆ, “ತಲೆ ಧಿಂ, ಕಿವಿ ಗುಂಯ್, ಗಂಟಲು ಕೆರಕೆರ, ಎದೆ ಢವಢವ, ಹೊಟ್ಟೆ ಗುಡುಗುಡು, ಮೊಣಕಾಲು ಲಟಕ್.” ಸ್ಟೆತಾಸ್ಕೋಪಿಗೆ ಇನ್ನು ಕೇಳಿಸಿಕೊಳ್ಳುವುದು ಏನೂ ಉಳಿದಿರುವುದಿಲ್ಲ.

ಅವನ ಬೆಲೆ ಗೊತ್ತಾಗುವುದು ಮೆಕ್ಯಾನಿಕ್ಕಿನ ಹತ್ತಿರ. ನಮ್ಮ ಸದ್ದಪ್ಪ ಮೈಸೂರಿನವನಾದರೆ ಮುಗಿದೇ ಹೋಯಿತು. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾದ ಊರಲ್ಲವೇ. ಟೂ ಸ್ಟ್ರೋಕಿನ ಎರಡು ಸೈಲೆನ್ಸರೂ ಅವನ ಎರಡು ಕೆನ್ನೆಯಲ್ಲೇ ಇರುತ್ತವೆ. ಬುಲೆಟ್ಟಿನ ಡುಗುಡುಗುವನ್ನು ಅದರೊಂದಿಗೆ ಬೆರೆಸಿ ಮಾತಾಡಿದವರ ಜೊತೆ ಅವನು ಟೂ ಬಿಡುತ್ತಾನೆ.

“ಸ್ಟಾರ್ಟ್ ಮಾಡಿದ್ರೆ ಕಿರ್ರ್, ಗೇರು ಹಾಕಿದ್ರೆ ಕಟ್.”

ಮೆಕ್ಯಾನಿಕ್ಕು ಸ್ಪ್ಯಾನರು ಕೆಳಗಿಟ್ಟು ಗಂಭೀರನಾಗುತ್ತಾನೆ. “ಕಟ್ಟೋ, ಕಟಕ್ಕೋ? ಸರಿಯಾಗಿ ಹೇಳಿ ಅಣ್ಣ.”

ಸದ್ದಪ್ಪ ಕಣ್ಣು ಮುಚ್ಚಿ, ಎಡಗಾಲಿನಲ್ಲಿ ಇಲ್ಲದ ಗೇರು ಒತ್ತಿ, “ಕಟಕ್” ಎನ್ನುತ್ತಾನೆ.

“ಹಂಗಾದ್ರೆ ಚೈನ್ ಲೂಸು. ಕಟ್ ಆಗಿದ್ರೆ ಸಾವಿರದ ಮಾತು.”

ಒಂದು ‘ಕ’ಕಾರ ಜಾಸ್ತಿ ಹಾಕಿ ಸಾವಿರ ರೂಪಾಯಿ ಉಳಿಸಿದವನು ಕನ್ನಡದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ.

ಸದ್ದೇ ಮಾಡದ ವಸ್ತುವಿಗೂ ಅವನು ಸದ್ದು ಹಚ್ಚುತ್ತಾನೆಂದು ಮನೆಯವರ ದೂರು. ಅದಕ್ಕೆ ಅವನೊಬ್ಬನೇ ಹೊಣೆಯಲ್ಲ, ಭಾಷೆಯೇ ಸಲಿಗೆ ಕೊಟ್ಟು ಕೆಡಿಸಿದೆ. ಸಾರು ಘಮಘಮ ಎನ್ನುವುದನ್ನು ಯಾರ ಕಿವಿ ಕೇಳಿದೆ? ತೊಳೆದಿಟ್ಟ ಪಾತ್ರೆ ಫಳಫಳ, ಸೀರೆ ಝಗಝಗ, ಬೈಸಿಕೊಂಡ ಮಗು ಪಿಳಿಪಿಳಿ. ಮಳೆಯ ವಿಷಯಕ್ಕೆ ಬಂದರಂತೂ ಹವಾಮಾನ ಇಲಾಖೆಯ ಮಿಲಿಮೀಟರು ಅವನಿಗೆ ಬೇಕಿಲ್ಲ. ಜಿಟಿಜಿಟಿ ಅಂದರೆ ಕೊಡೆ ಸಾಕು, ಪಟಪಟ ಅಂದರೆ ಒಣಹಾಕಿದ ಹಪ್ಪಳ ಎತ್ತಬೇಕು, ಧೋ ಅಂದರೆ ನಾಳೆ ಸ್ಕೂಲಿಗೆ ರಜೆ.

ಪೋಲಿ ಪದಕೋಶವೂ ಅವನದು ಸದ್ದಿನದೇ. ಮಗ ಪರೀಕ್ಷೆಯಲ್ಲಿ ಡುಮ್ಕಿ. ಭಾಮೈದನ ಬಿಸಿನೆಸ್ಸು ಢಮಾರ್. ಪಕ್ಕದ ಮನೆಯವರ ಫಾರಿನ್ ಟೂರು ಠುಸ್. ಚರಂಡಿ ಕಾಮಗಾರಿಯ ದುಡ್ಡು ಗುಳುಂ. ಇನ್ನು ಮನುಷ್ಯನ ಆಯುಸ್ಸು ಮುಗಿದದ್ದಕ್ಕೂ ಅವನಲ್ಲಿ ಒಂದು ಸದ್ದಿದೆ, ಹೆಂಡತಿಗೆ ಭಯ ಇರುವುದೂ ಅದರದ್ದೇ. ಹೋದ ಸಲ ಸಾವಿನ ಮನೆಯಲ್ಲಿ ಯಾರೋ “ಹೇಗಾಯ್ತಂತೆ?” ಎಂದು ಕೇಳಿದ್ದೇ ತಡ, ಇವನು ಶುರು ಹಚ್ಚಿಕೊಂಡ: “ರಾತ್ರಿ ಗಬಗಬ ಊಟ. ಹಾಸಿಗೆ ಮೇಲೆ ದೊಪ್. ಒಂದೇ ನಿಮಿಷಕ್ಕೆ ಗೊರ್ರ್ರ್... ಬೆಳಿಗ್ಗೆ ನೋಡಿದ್ರೆ ಗೊ...” ಹೆಂಡತಿ ಚುರ್ರ್ ಎನ್ನುವಂತೆ ಚಿವುಟಿದಳು. “...ಗೋವಿಂದನ ಪಾದ ಸೇರಿದ್ರು” ಎಂದು ಹೇಗೋ ದಡ ಮುಟ್ಟಿದ.

ಲಾರಿ ಕಂಬಕ್ಕೆ ಗುದ್ದಿದ ಪ್ರಕರಣದಲ್ಲಿ ಪ್ರತ್ಯಕ್ಷದರ್ಶಿ ಅವನೊಬ್ಬನೇ. ಠಾಣೆಗೆ ಕರೆಸಿದರು. ಭರ್ರ್‌ನಿಂದ ಫಟ್‌ವರೆಗೆ ಒಂದೂ ಬಿಡದೆ ಹೇಳಿ, ಬೆವರು ಒರೆಸಿಕೊಂಡ. ಕಾನ್‌ಸ್ಟೇಬಲ್ ಬರೆದುಕೊಂಡು ಓದಿದ: “ಸದರಿ ವಾಹನದ ಚಾಲಕನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ರಸ್ತೆ ಬದಿಯ ವಿದ್ಯುತ್ ಕಂಬಕ್ಕೆ ಡಿಕ್ಕಿಪಡಿಸಿ ಜಖಂಗೊಳಿಸಿರುತ್ತಾನೆ.”

ಸದ್ದಪ್ಪನಿಗೆ ತಡೆಯಲಾಗಲಿಲ್ಲ. “ಸ್ವಾಮೀ, ಧಡಾರ್ ಎಲ್ಲಿ?”

“ಅದೆಲ್ಲ ಕೋರ್ಟಲ್ಲಿ ನಿಲ್ಲಲ್ಲ ಕಣ್ರಿ, ಸೈನ್ ಹಾಕಿ.”

“ಧಡಾರ್ ಇಲ್ದೆ ಕಂಬ ಹೆಂಗೆ ಬಿತ್ತು ಸ್ವಾಮೀ?”

ಕಾನ್‌ಸ್ಟೇಬಲ್ ಉತ್ತರ ಕೊಡಲಿಲ್ಲ. ಒಲ್ಲದ ಮನಸ್ಸಿನ ಸಹಿ ಹಾಕಿಸಿಕೊಂಡು, ಕಾಗದ ಹಿಡಿದು ಒಳಗೆ ಹೋದ. ಸಾಹೇಬರು ಕಾಗದದ ಕಡೆ ನೋಡಲೂ ಇಲ್ಲ. “ಏನಯ್ಯಾ ಅದು ಲಾರಿ ಕೇಸು, ಬಾಯಲ್ಲಿ ಹೇಳು” ಎಂದರು.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಸದ್ದಪ್ಪನಿಗೆ ಕಾನ್‌ಸ್ಟೇಬಲ್ಲಿನ ದನಿ ಸ್ಪಷ್ಟವಾಗಿ ಕೇಳಿಸಿತು: “ಲಾರಿ ಭರ್ರ್ ಅಂತ ಬಂತಂತೆ ಸಾರ್. ಬ್ರೇಕು ಕಿರ್ರ್. ಕಂಬಕ್ಕೆ ಢಂ!”

ಸದ್ದಪ್ಪ ಬೆಂಚು ಬಿಟ್ಟೆದ್ದು ಬಾಗಿಲಲ್ಲಿ ತಲೆ ತೂರಿಸಿದ. “ಢಂ ಅಲ್ಲ ಸಾರ್, ಧಡಾರ್!”