ದೊಡ್ಡಪ್ಪನ ಡಿಜಿಟಲ್ ಟ್ರಂಕು

ಬಾಳ್ಳುಪೇಟೆಯ ಮಳೆಗೆ ಕಾಗದದ ಮೇಲೆ ಅದೇನು ಸಿಟ್ಟೋ! ಜುಲೈ ಕಳೆಯುವಷ್ಟರಲ್ಲಿ ಪಾಸ್‌ಬುಕ್ಕಿಗೆ ಬೂಷ್ಟು, ವಿಮೆ ಬಾಂಡಿಗೆ ಗೆದ್ದಲು. ಕಾಫಿ ಮಾರಿದ ಚೀಟಿಗಳಂತೂ ಹಸಿ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿರುತ್ತವೆ.

ಪಹಣಿ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಹತ್ತಿ ಎಷ್ಟೋ ಕಾಲವಾಯಿತು. 2015ರಲ್ಲಿ ಡಿಜಿಲಾಕರ್ ಕೂಡ ಬಂತು. ಅದರಲ್ಲಿ ಇಲಾಖೆಯೇ ಕೊಟ್ಟ ದಾಖಲೆ ಅಸಲಿಗೆ ಸಮ. ನಾವೇ ಫೋಟೊ ಹೊಡೆದು ತುಂಬಿದ್ದಕ್ಕೆ ಆ ಮರ್ಯಾದೆಯಿಲ್ಲ.

"ಕರೆಂಟಿಲ್ಲ, ನೆಟ್‌ವರ್ಕಿಲ್ಲ, ನಿನ್ನ ಲಾಕರ್ ಬೀಗ ತೆಗೆಯೋರ್ಯಾರು ಮಾರಾಯ?" ಎಂದರು ದೊಡ್ಡಪ್ಪ, ನಾನು ಇದನ್ನೆಲ್ಲ ಹೇಳಿದಾಗ. ಮಾತಿನಲ್ಲಿ ಹುರುಳಿದೆ. ಆದರೂ ಮೊಮ್ಮಗಳು ಹಟ ಹಿಡಿದು ಎಲ್ಲವನ್ನೂ ಸ್ಕ್ಯಾನ್ ಮಾಡಿದಳು. ದೊಡ್ಡಪ್ಪನಿಗೆ ಖುಷಿಯೋ ಖುಷಿ: ಅಷ್ಟನ್ನೂ ಸಕಲೇಶಪುರದಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಹೊಸ ಟ್ರಂಕು ತಂದರು!

ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ಹೊರಗಿಟ್ಟಿದೆ, ಅದು ಕಾಗದದಲ್ಲೇ ಇರಬೇಕು ಎಂದು ನಾನು ಹೇಳಿದ್ದೇ ತಡ, ಅವರು ಮೀಸೆಯಡಿ ನಕ್ಕರು. ಅವತ್ತಿನಿಂದ ಮಕ್ಕಳೆಲ್ಲ ಕಾಗದದ ಪರ.