ಪೇಂಟಿಂಗ್ ಚಾರ್ಜು

(ಬೆಂಗಳೂರಿನ ವಿಜಯನಗರದ ಒಂದು ಮಹಡಿ ಮನೆ. ಬಾಗಿಲಲ್ಲಿ ಓನರ್, ಒಳಗೆ ಬನಿಯನ್ನಿನಲ್ಲಿ ಬಾಡಿಗೆ ಹುಡುಗ.)

ಓನರ್: ಏನಪ್ಪಾ ಇದು, ಸಿಂಕಲ್ಲಿರೋ ಕುಕ್ಕರಿಗೆ ಬೂಷ್ಟು ಬಂದಿದೆ!

ಹುಡುಗ: ಅದು ರೂಮ್‌ಮೇಟ್‌ದು ಅಂಕಲ್. ಊರಿಗೆ ಹೋಗಿದ್ದಾನೆ.

ಓನರ್: ಯಾವಾಗ?

ಹುಡುಗ: ದಸರಾಕ್ಕೆ.

ಓನರ್: ಮೊನ್ನೆ ಯುಗಾದಿ ಆಯ್ತಲ್ಲಯ್ಯಾ!

ಹುಡುಗ: ಅದಕ್ಕೇ, ಇನ್ನೇನು ಬಂದ್ಬಿಡ್ತಾನೆ.

ಓನರ್: ಬಚ್ಚಲೆಲ್ಲಾ ಪಾಚಿ. ಒಂದು ಸಲ ಉಜ್ಜೋಕೇನು ಧಾಡಿ?

ಹುಡುಗ: ನೀರು ಉಳಿಸಿ ಅಂತ ಮೆಟ್ಟಿಲ ಹತ್ರ ಬೋರ್ಡು ಹಾಕಿರೋರು ನೀವೇ ಅಲ್ವಾ?

ಓನರ್: ಬಾಲ್ಕನಿಯಲ್ಲಿ ಆ ಚೀಲ?

ಹುಡುಗ: ಹಸಿ ಕಸ, ಒಣ ಕಸ ಬೇರೆ ಮಾಡ್ಬೇಕಂತೆ. ಒಟ್ಟಿಗೇ ಇಟ್ಟಿದ್ದೀನಿ, ಹಸೀದು ತಾನಾಗೇ ಒಣಗಲಿ ಅಂತ.

ಓನರ್: ನಿನ್ನ 10 ತಿಂಗಳ ಅಡ್ವಾನ್ಸು ನನ್ನ ಹತ್ರ ಇದೆ, ಮರೀಬೇಡ.

ಹುಡುಗ: 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ 2 ತಿಂಗಳದ್ದೇ ಅಂಕಲ್.

ಓನರ್: ಮಾದರಿ ಇರೋದು ನೋಡೋಕಪ್ಪಾ.

(ರಾಜ್ಯ ಒಪ್ಪಿಕೊಂಡರಷ್ಟೇ ಆ ಕಾಯ್ದೆಗೆ ಜೀವ. ಇದು ತಿಳಿಯಲು ಬೆಂಗಳೂರಿನ ಓನರುಗಳಿಗೆ ಲಾ ಡಿಗ್ರಿ ಬೇಕಿಲ್ಲ.)

ಹುಡುಗ: ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡೀತೀರಲ್ಲ, ಗೋಡೆ ಫಳಫಳ ಅಂದ್ರೂ ಹಿಡೀತೀರಾ?

ಓನರ್: ಅಂದ್ರೂ ಹಿಡೀತೀನಿ. ಅಗ್ರಿಮೆಂಟಲ್ಲೇ ಇದೆ.

ಹುಡುಗ: ಹಾಗಿದ್ರೆ ಕ್ಲೀನಾಗಿಟ್ಟುಕೊಂಡ್ರೆ ನನಗೇ ಲಾಸಲ್ವಾ?

(ಓನರ್ ಒಂದು ಕ್ಷಣ ತಬ್ಬಿಬ್ಬು. ವಾದದಲ್ಲಿ ಹುರುಳಿದೆ, ಕುಕ್ಕರಿಗೆ ಮಾತ್ರ ಅನ್ವಯಿಸದು.)

ಓನರ್: ಇರು, 11 ತಿಂಗಳ ಅಗ್ರಿಮೆಂಟು ಮುಗೀಲಿ, ಖಾಲಿ ಮಾಡಿಸ್ತೀನಿ.

ಹುಡುಗ: ಅದು ಮುಗಿದು ತುಂಬಾ ದಿನ ಆಯ್ತು ಅಂಕಲ್. ಬಾಡಿಗೆ ಏರಿಸೋಕೆ ಬಂದಾಗ ‘ನಿನ್ನಂಥ ಒಳ್ಳೇ ಹುಡುಗ ಸಿಗಲ್ಲ’ ಅಂದಿದ್ರಿ.