ಮೂಗಿನ ನೇರಕ್ಕೆ

ಜನ ತಂತಮ್ಮ ಮೂಗಿನ ನೇರಕ್ಕೆ ಮಾತಾಡುತ್ತಾರೆ ಅಂತ ಯಾರಾದರೂ ದೂರಿದಾಗೆಲ್ಲ ನನಗೆ ನಗು ಬರುತ್ತದೆ. ಮೂಗು ನೇರ ಇದ್ದರೆ ತಾನೆ? ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದ ದುರ್ಗಿಗುಡಿಯ ಒಂದು ಕನ್ನಡಕದ ಅಂಗಡಿಯಲ್ಲಿ ನಿಂತು ಊರಿನವರ ಮೂಗು ನೋಡಿಕೊಂಡು ಬಂದವನು ನಾನು. ನಟ್ಟನಡುವೆ ಕೂತ ಮೂಗು ಇನ್ನೂ ಸಿಕ್ಕಿಲ್ಲ. ಮೂಗಿನ ನಡುವಿನಿಂದ ಬಲಗಣ್ಣಿಗೆ 30 ಮಿಲಿಮೀಟರ್ ಇದ್ದರೆ ಎಡಗಣ್ಣಿಗೆ 32 ಇರುತ್ತದೆ. ಒಂದು ಕಿವಿ ಮೇಲೆ, ಇನ್ನೊಂದು ಕೆಳಗೆ. ಗಿರಾಕಿ ಬಸ್ಸು ಹಿಡಿಯಬೇಕು ಅಂತ ಅವಸರ ಮಾಡಿದಾಗ ನಾವು ಫಿಟ್ಟಿಂಗ್ ಮಾಡಿ ಕಳಿಸುತ್ತೇವಲ್ಲ, ಬ್ರಹ್ಮನೂ ಹಾಗೇ ಕೆಲಸ ಮಾಡಿದ್ದಾನೆ. ಅವನು ಸೊಟ್ಟ ಮಾಡಿದ್ದಕ್ಕೆ ತಕ್ಕ ಹಾಗೆ ಫ್ರೇಮನ್ನೂ ಸೊಟ್ಟ ಮಾಡಿ, ನೋಡುವವರಿಗೆ ಎರಡೂ ನೇರ ಅನ್ನಿಸುವಂತೆ ಮಾಡುವುದೇ ನನ್ನ ಹೊಟ್ಟೆಪಾಡು.

ಹಳೇ ಯಜಮಾನರು ಇರುವ ತನಕ ಇದಕ್ಕೆ ಯಾವ ಕಾಗದವೂ ಬೇಕಿರಲಿಲ್ಲ. ಅವರಿಗೆ ಮಂಡಿನೋವು ಬಂದು, ಬೆಂಗಳೂರಿನಲ್ಲಿದ್ದ ಮಗ ಬಂದು ಗಲ್ಲಾದ ಮೇಲೆ ಕೂತ. ಕೂತವನು ಮೊದಲು ಗೋಡೆ ನೋಡಿದ. ಗೋಡೆಯ ಮೇಲೆ ಒಬ್ಬ ಗಣಪತಿ, ಹಾರ ಹಾಕಿದ ಅವನ ತಾತ, ಪವರ್ ಇಲ್ಲದ ಕನ್ನಡಕ ಹಾಕಿಕೊಂಡು ನಗುವ ಒಬ್ಬ ಸಿನಿಮಾ ನಟಿ ಇದ್ದರು. "ಅಂಕಲ್, ಇಲ್ಲೊಂದು ಸರ್ಟಿಫಿಕೇಟ್ ಬೇಕು. ಕೆಲಸ ಗೊತ್ತಿರೋವ್ರಿಗೇ ಅಂತ ಒಂದು ಪ್ರಾಕ್ಟಿಕಲ್ ಪರೀಕ್ಷೆ ಮಾಡ್ತಾರೆ, ನಿಮ್ಮ ಹೆಸರು ಕೊಟ್ಟಿದೀನಿ" ಅಂದ. ಕೆಲಸ ಗೊತ್ತಿರುವವರಿಗೆ ಯಾಕಪ್ಪ ಪರೀಕ್ಷೆ ಅಂತ ಕೇಳಬೇಕೆನ್ನಿಸಿತು. ನಲವತ್ತಾರನೇ ವಯಸ್ಸಿನಲ್ಲಿ ಗಲ್ಲಾದ ಮೇಲೆ ಕೂತವರನ್ನು ಹಾಗೆಲ್ಲ ಕೇಳುವುದಿಲ್ಲ.

ಒಂದು ವಾರಕ್ಕೆ ನೋಟ್ಸು ಬಂತು. ತೆಗೆದು ನೋಡಿದರೆ ನಾನು ದಿನಾ ಮಾಡುವ ಕೆಲಸಗಳೇ, ಆದರೆ ಮದುವೆ ಮನೆಯಲ್ಲಿ ಸೂಟು ಹಾಕಿಕೊಂಡು ನಿಂತ ನೆಂಟರ ಹಾಗೆ ಗುರುತೇ ಸಿಗುತ್ತಿಲ್ಲ. ಫ್ರೇಮಿನ ಕೆಳಭಾಗ ಕೆನ್ನೆಯ ಕಡೆಗೆ ಸ್ವಲ್ಪ ವಾಲಿರಬೇಕು. ಅದಕ್ಕೆ ನಾವು "ಒಂಚೂರು ಬಗ್ಗಿಸೋದು" ಅನ್ನುತ್ತೇವೆ. ಅದು ಪ್ಯಾಂಟೋಸ್ಕೋಪಿಕ್ ಟಿಲ್ಟ್ ಅಂತೆ. ಗಾಜಿಗೆ ರೆಪ್ಪೆ ತಾಗದ ಹಾಗೆ ಹನ್ನೆರಡರಿಂದ ಹದಿನಾಲ್ಕು ಮಿಲಿಮೀಟರ್ ಜಾಗ ಬಿಡುವುದು ವರ್ಟೆಕ್ಸ್ ಡಿಸ್ಟೆನ್ಸ್. ಇಷ್ಟು ದೊಡ್ಡ ಹೆಸರಿನ ಕೆಲಸ ಮಾಡುತ್ತಿದ್ದೇನೆ ಅಂತ ಮೊದಲೇ ಗೊತ್ತಿದ್ದರೆ ಹಳೇ ಯಜಮಾನರ ಹತ್ತಿರ ಸಂಬಳವನ್ನಾದರೂ ಏರಿಸಿಕೊಳ್ಳಬಹುದಿತ್ತು.

ನನಗೆ ಪಾಠ ಹೇಳಲು ನಿಂತವಳು ಸೆಕೆಂಡ್ ಪಿಯುಸಿ ಸೈನ್ಸ್ ಓದುವ ಮಗಳು. ತನ್ನ ಪರೀಕ್ಷೆಯ ಓದು ತಪ್ಪಿಸಿಕೊಳ್ಳಲು ನನ್ನ ಪರೀಕ್ಷೆಗಿಂತ ಒಳ್ಳೇ ದಾರಿ ಅವಳಿಗೆ ಸಿಕ್ಕುತ್ತಿರಲಿಲ್ಲ. ರಾತ್ರಿ ಊಟ ಆದಮೇಲೆ ದಿನಾ ವೈವಾ.

"ಬಲಗಡೆ ಗಾಜು ಮೇಲೆ ಕೂತಿದೆ. ಏನ್ ಮಾಡ್ತೀಯಪ್ಪ?"

ನನ್ನ ಎರಡೂ ಕೈ ತಾವಾಗಿ ಮೇಲೆದ್ದು, ಇಲ್ಲದ ಫ್ರೇಮನ್ನು ಹಿಡಿದು ಇಲ್ಲದ ಕಡ್ಡಿಯನ್ನು ಬಗ್ಗಿಸಿದವು.

"ಕೈಯಲ್ಲಲ್ಲ, ಬಾಯಲ್ಲಿ ಹೇಳು."

ಬಾಯಿ ತೆರೆದೆ. ಏನೂ ಬರಲಿಲ್ಲ. ಕೈಗೆ ಗೊತ್ತಿದ್ದನ್ನು ಬಾಯಿಗೆ ತಿಳಿಸುವ ದಾರಿಯೇ ನನ್ನ ಮೈಯಲ್ಲಿ ಇರಲಿಲ್ಲ. ಕೊನೆಗೆ ಕೈ ಮಾಡಿದ್ದನ್ನು ಕಣ್ಣಿನಿಂದ ನೋಡಿಕೊಂಡು, ಯಾರದೋ ಕೆಲಸಕ್ಕೆ ವೀಕ್ಷಕ ವಿವರಣೆ ಕೊಡುವವನ ಹಾಗೆ ಹೇಳಿದೆ: ಬಲಗಡೆ ಗಾಜು ಮೇಲಿದ್ದರೆ ಬಲಗಡೆ ಕಡ್ಡಿಯನ್ನೇ ಮೇಲಕ್ಕೆ ಬಗ್ಗಿಸಬೇಕು. ಕೇಳಿದವರಿಗೆ ತಿರುಗುಮುರುಗು ಅನ್ನಿಸುತ್ತದೆ. ಆದರೆ ಕಿವಿ ಇದ್ದಲ್ಲೇ ಇರುತ್ತದೆ. ಮೇಲಕ್ಕೆ ಬಗ್ಗಿದ ಕಡ್ಡಿ ಕಿವಿಯ ಮೇಲೆ ಕೂರಬೇಕಾದರೆ ಮುಂದಿನ ಗಾಜು ಕೆಳಗಿಳಿಯಲೇಬೇಕು. ಹಾಗೇ ಒಂದು ಗಾಜು ಮುಖಕ್ಕೆ ಹತ್ತಿರ ಬಂದಿದ್ದರೆ ಆ ಕಡೆಯ ಕಡ್ಡಿಯನ್ನು ಒಳಕ್ಕೆ ತರಬೇಕು, ದೂರ ಹೋಗಿದ್ದರೆ ಹೊರಕ್ಕೆ. ಮಗಳು ಅದನ್ನು "ಮೇಲಿದ್ರೆ ಮೇಲೆ, ಒಳಗಿದ್ರೆ ಒಳಗೆ" ಅಂತ ಮಗ್ಗಿ ಮಾಡಿಕೊಟ್ಟಳು.

ಈ ಮಗ್ಗಿ ಬಾಯಿಗೆ ಬಂದ ಮಾರನೇ ದಿನದಿಂದ ಕೈ ಕೆಟ್ಟಿತು. ಸೊರಬದ ಕಡೆಯ ಒಬ್ಬ ಮೇಷ್ಟ್ರು ಬಂದು, ಕನ್ನಡಕ ಒಂದು ಕಡೆ ಎತ್ತರ ಕೂತಿದೆ ಅಂದರು. ಹಿಂದಾದರೆ ಅವರು ಮಾತು ಮುಗಿಸುವುದರೊಳಗೆ ಹೀಟರಿಗೆ ಹಿಡಿದು ಬಗ್ಗಿಸಿ ಮೂಗಿನ ಮೇಲಿಟ್ಟು ಕಳಿಸುತ್ತಿದ್ದೆ. ಈಗ ಫ್ರೇಮು ಹಿಡಿದು ನಿಂತೆ. ಮೇಲಿರುವುದು ಅವರ ಬಲವೋ, ಎದುರಿಗೆ ನಿಂತ ನನ್ನ ಬಲವೋ? ಮೇಲಿದ್ದರೆ ಮೇಲೆ. ಯಾರ ಮೇಲೆ? "ಏನಾದ್ರೂ ಹೆಚ್ಚುಕಮ್ಮಿ ಆಯ್ತೇನ್ರಿ?" ಅಂತ ಮೇಷ್ಟ್ರು ಗಾಬರಿಯಾದರು. ಹೀಟರಿನ ಮೇಲೆ ಹೆಚ್ಚು ಹೊತ್ತು ಇದ್ದ ಶೆಲ್ ಫ್ರೇಮಿನ ಕಡ್ಡಿ ಅಷ್ಟರಲ್ಲಿ ಹುಣಿಸೇಕಾಯಿಯ ಆಕಾರಕ್ಕೆ ಬಂದಿತ್ತು. ಹೊಸ ಯಜಮಾನ ಹೊಸ ಫ್ರೇಮು ಕೊಟ್ಟು ಅದರ ದುಡ್ಡನ್ನು ನನ್ನ ಲೆಕ್ಕಕ್ಕೆ ಬರೆದ. ಪರೀಕ್ಷೆಯ ಫೀಸು ಹೀಗೆ ಕಂತಿನಲ್ಲಿ ಕಟ್ಟುತ್ತ ಹೋದೆ.

ಕಣ್ಣಿಗೂ ಕಣ್ಣಿಗೂ ನಡುವಿನ ಅಂತರ ಅಳೆಯುವುದು ಪರೀಕ್ಷೆಯ ಇನ್ನೊಂದು ಭಾಗ. ಪಿ.ಡಿ. ಅನ್ನುತ್ತೇವೆ. ಎದುರಾಎದುರು ಮೊಳದಷ್ಟು ದೂರದಲ್ಲಿ ಕೂತು, ಮೂಗಿನ ಮೇಲೆ ಸ್ಕೇಲ್ ಹಿಡಿದು, ನಮ್ಮ ಒಂದೊಂದೇ ಕಣ್ಣು ಮುಚ್ಚಿ ತೆರೆದು ನೋಡುವ ಕೆಲಸ. ಹೆಂಡತಿಯನ್ನು ಕೂರಿಸಿದೆ. "ಇಷ್ಟು ವರ್ಷದಲ್ಲಿ ನನ್ನ ನೋಡಿ ಕಣ್ಣು ಹೊಡೆದಿದ್ದು ಇದೇ ಮೊದಲು, ಅದೂ ಸ್ಕೇಲ್ ಹಿಡ್ಕೊಂಡು" ಅಂದಳು. ಮೊದಲ ಸಲ 59 ಬಂತು. ಎರಡನೇ ಸಲ 63. ಮೂರನೇ ಸಲ 61. "ಕೂತಲ್ಲೇ ಕಣ್ಣು ಓಡಾಡುತ್ತಾ ರೀ?" ಅಂದಳು. ಮಗಳು ಸ್ಕೇಲ್ ಕಿತ್ತುಕೊಂಡು ಒಂದೇ ಸಲಕ್ಕೆ 60 ಅಂದಳು. ಮೂರು ಸಲ ಅಳೆದರೂ ಅದೇ 60.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅವಳ ಕೈಗೆ ನೋಟ್ಸಿನಲ್ಲಿ ಪ್ರೆಂಟಿಸ್ ಅನ್ನುವವರ ಸೂತ್ರ ಸಿಕ್ಕಿತು. ಗಾಜಿನ ನಡುಬಿಂದು ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ಗಾಜು ಪ್ರಿಸಂ ಆಗುತ್ತದೆ. ಎಷ್ಟು ಸೆಂಟಿಮೀಟರ್ ತಪ್ಪಿದೆಯೋ ಅದನ್ನು ಪವರಿನಿಂದ ಗುಣಿಸಿದರೆ ಎಷ್ಟು ಪ್ರಿಸಂ ಅಂತ ಸಿಗುತ್ತದೆ. ಲೆಕ್ಕ ಮಾಡಲು ಅವಳು ಅಮ್ಮನ ಕನ್ನಡಕವನ್ನೇ ಎತ್ತಿಕೊಂಡಳು. ಕಡ್ಡಿಯ ಒಳಗೆ 52, 18, 140 ಅಂತ ಬರೆದಿತ್ತು. (140 ರೂಪಾಯಿಯ ಫ್ರೇಮಿಗೆ ಸಾವಿರ ತಗೊಂಡಿರಿ ಅಂತ ಒಬ್ಬ ಗಿರಾಕಿ ಜಗಳಕ್ಕೆ ಬಂದಿದ್ದುಂಟು. ಅದು ಕಡ್ಡಿಯ ಉದ್ದ.) ಗಾಜಿನ ಅಗಲ 52, ನಡುವಿನ ಸೇತುವೆ 18, ಕೂಡಿದರೆ 70. ಅಮ್ಮನ ಕಣ್ಣಿನ ಅಂತರ 60. ಅಂದಮೇಲೆ ಒಂದೊಂದು ಗಾಜಿನ ನಡುವನ್ನೂ 5 ಮಿಲಿಮೀಟರ್ ಒಳಕ್ಕೆ ಸರಿಸಿ ಕೂರಿಸಿರಬೇಕು. ಇಂಕಿನ ಚುಕ್ಕೆ ಹಾಕಿ ಅಳೆದಳು. ಸರಿಸಿರಲಿಲ್ಲ.

"ಅಮ್ಮನ ಪವರ್ ಎಷ್ಟಪ್ಪ?"

"ಮೈನಸ್ ನಾಲ್ಕು."

"ಅರ್ಧ ಸೆಂಟಿಮೀಟರ್ ಇಂಟು ನಾಲ್ಕು, ಎರಡು ಪ್ರಿಸಂ. ಎರಡೂ ಕಣ್ಣು ಸೇರಿದ್ರೆ ನಾಲ್ಕು. ಕಣ್ಣುಗಳನ್ನ ಹೊರಗಡೆಗೆ ಎಳೆಯುತ್ತೆ. ಇದನ್ನ ಫಿಟ್ ಮಾಡಿದ್ದು ಯಾರು?"

ಆಯುಧಪೂಜೆಯ ಹಿಂದಿನ ಸಂಜೆ, ಊರಿನವರದ್ದೆಲ್ಲ ಮುಗಿಸಿ, ಮನೆಯದ್ದು ತಾನೆ ಅಂತ ಎಲ್ಲಕ್ಕಿಂತ ಕೊನೆಗೆ ಅವಸರದಲ್ಲಿ ಕೂರಿಸಿದ ಗಾಜು ಅದು. ಎರಡು ವರ್ಷದಿಂದ ಇವಳು ಸಂಜೆಯಾದರೆ ತಲೆನೋವು ಅನ್ನುತ್ತಿದ್ದಳು. ಧಾರಾವಾಹಿ ನೋಡುವುದು ಕಡಿಮೆ ಮಾಡು ಅಂತ ನಾನು ಬುದ್ಧಿ ಹೇಳುತ್ತಿದ್ದೆ. ಹೆಂಡತಿ ಏನೂ ಅನ್ನಲಿಲ್ಲ. ಟಿವಿಯ ರಿಮೋಟನ್ನು ಮೆಲ್ಲಗೆ ತೆಗೆದುಕೊಂಡು ತನ್ನ ಪಕ್ಕ ಇಟ್ಟುಕೊಂಡಳು. ಅದು ಈ ತನಕ ನನ್ನ ಕೈಗೆ ಬಂದಿಲ್ಲ. ಮಾರನೇ ದಿನವೇ ಅಂಗಡಿಗೆ ಹೋಗಿ ಹೊಸ ಗಾಜು ಹಾಕಿದೆ, ಮೂರು ಸಲ ಅಳೆದು. ಅಳೆದದ್ದು ನಮ್ಮ ಅಂಗಡಿಯ ಹುಡುಗ.

ಆ ಹುಡುಗನ ವಿಷಯ ಹೇಳಬೇಕು. ನಲವತ್ತಕ್ಕೆ ಬರುವ ದೃಷ್ಟಿದೋಷಕ್ಕೆ ನಮ್ಮ ಹಿರಿಯರು ಚಾಳೀಸು ಅಂದರು. ಕನ್ನಡಕಕ್ಕೂ ಅದೇ ಹೆಸರು ಕೊಟ್ಟರು. ರೋಗಕ್ಕೂ ಮದ್ದಿಗೂ ವಯಸ್ಸಿಗೂ ಒಂದೇ ಮಾತು, ಎಂಥ ಉಳಿತಾಯ! ಕಣ್ಣಿನೊಳಗಿನ ಮಸೂರ ವರ್ಷ ಕಳೆದಂತೆ ಗಟ್ಟಿಯಾಗಿ ಹತ್ತಿರದ್ದನ್ನು ನೋಡಲು ಉಬ್ಬುವುದಿಲ್ಲ, ಅಷ್ಟೇ. ಇದನ್ನು ನಾನು ದಿನಕ್ಕೆ ಹತ್ತು ಜನರಿಗೆ, "ನಾಚಿಕೆ ಪಡೋಂಥದ್ದೇನಿಲ್ಲ ಸರ್, ಎಲ್ಲರಿಗೂ ಬರುತ್ತೆ" ಅಂತ ಹೇಳುತ್ತೇನೆ. ನನಗೆ ಬಂದಾಗ ಯಾರಿಗೂ ಹೇಳಲಿಲ್ಲ. ನೋಸ್‌ಪ್ಯಾಡಿನ ಸ್ಕ್ರೂ ಹಾಕುವುದು, ಪ್ರೋಗ್ರೆಸಿವ್ ಗಾಜಿನ ಮೇಲೆ ಉಸಿರು ಬಿಟ್ಟು 34 ಮಿಲಿಮೀಟರ್ ಅಂತರದಲ್ಲಿ ಕೊರೆದಿರುವ ಎರಡು ಗುಪ್ತ ಗುರುತು ಹುಡುಕುವುದು, ಎಲ್ಲವನ್ನೂ "ಕಲಿತ್ಕೊಳ್ಳೋ, ಮುಂದೆ ಉಪಯೋಗಕ್ಕೆ ಬರುತ್ತೆ" ಅಂತ ಹುಡುಗನಿಗೆ ದಾಟಿಸಿದೆ. ನನ್ನ ಕಣ್ಣು ಮಂಜಾದಷ್ಟೂ ಅವನು ನಿಪುಣನಾದ. ಒಳ್ಳೇ ಗುರು ಅಂತ ನನಗೆ ಹೆಸರೂ ಬಂತು.

ಒಂದು ರಾತ್ರಿ ಷಟರ್ ಎಳೆಯುವ ಮುಂಚೆ ಟ್ರಯಲ್ ಸೆಟ್ ತೆಗೆದು, ಕಳ್ಳನ ಹಾಗೆ ಒಂದೊಂದೇ ಗಾಜು ಕಣ್ಣಿಗಿಟ್ಟುಕೊಂಡು ಪೇಪರು ನೋಡಿದೆ. ಪ್ಲಸ್ ಒಂದಕ್ಕೆ ಅಕ್ಷರಗಳು ನಿದ್ದೆಯಿಂದ ಎದ್ದವು. ಒಂದೂಕಾಲಿಗೆ ಮುಖ ತೊಳೆದವು. ಒಂದೂವರೆಗೆ ಸಾಲಾಗಿ ಅಟೆನ್ಷನ್‌ನಲ್ಲಿ ನಿಂತವು. ಗಾಜುಗಳನ್ನು ಒರೆಸಿ ಡಬ್ಬಿಗೆ ಹಾಕಿ ಮನೆಗೆ ಹೋದೆ.

ನನ್ನ ಅಮ್ಮನಿಗೆ ಮಾತ್ರ ತಿಳಿದಿತ್ತು ಅಂತ ಕಾಣುತ್ತದೆ. ನಾನು ನೋಟ್ಸನ್ನು ಮಾರು ದೂರ ಹಿಡಿದು ಓದುವುದನ್ನು ನೋಡಿ, "ವ್ಯಾಸರಾಯರಿಗೇ ಬೇಕಾಗಿತ್ತಂತೆ ಕಣೋ, ನಿಂದೇನು ಮಹಾ" ಅಂದರು. ಇದು ಅಮ್ಮ ಹರಿಕಥೆಯಲ್ಲಿ ಕೇಳಿದ ಸಂಗತಿ ಇರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಸೋಮನಾಥ ಕವಿಯ ಸಂಸ್ಕೃತ ವ್ಯಾಸಯೋಗಿಚರಿತದಲ್ಲಿ ವ್ಯಾಸರಾಯರು ಉಪಲೋಚನ ಹಿಡಿದು ಗ್ರಂಥ ಓದುವ ಮಾತಿದೆಯೆಂದು ಪಿ. ಕೆ. ಗೋಡೆ ಎಂಬ ವಿದ್ವಾಂಸರು ಬಹಳ ಹಿಂದೆಯೇ ಬರೆದಿದ್ದಾರೆ. ಕೃಷ್ಣದೇವರಾಯನ ಕಾಲ ಅದು. ವಿಜಯನಗರದಲ್ಲಿ ಆ ಕನ್ನಡಕವನ್ನು ಫಿಟ್ ಮಾಡಿದವನು ಯಾರೋ, ಅವನ ಹತ್ತಿರ ಸರ್ಟಿಫಿಕೇಟ್ ಇತ್ತೋ ಇಲ್ಲವೋ.

ಪರೀಕ್ಷೆ ಬೆಂಗಳೂರಿನಲ್ಲಿ. ರಾತ್ರಿ ಬಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತ ಹೋದೆ. ನಮ್ಮ ಬ್ಯಾಚಿನಲ್ಲಿ ಹದಿನಾಲ್ಕು ಜನ, ನನ್ನನ್ನು ಬಿಟ್ಟು ಮಿಕ್ಕವರೆಲ್ಲ ಮೀಸೆ ಈಗ ಮೂಡುತ್ತಿರುವವರು. ಒಬ್ಬ ನನ್ನನ್ನೇ ಪರೀಕ್ಷಕ ಅಂದುಕೊಂಡು ಎದ್ದು ನಿಂತು ನಮಸ್ಕಾರ ಮಾಡಿದ. ನಿಜವಾದ ಪರೀಕ್ಷಕರು ಬಂದರು, ನನ್ನ ವಯಸ್ಸಿನ ಒಬ್ಬ ಮೇಡಂ. ಪರೀಕ್ಷಕರ ಕನ್ನಡಕವೇ ಸೊಟ್ಟಗಿತ್ತು ಅಂತ ನಾನು ಬರೆಯುತ್ತೇನೆಂದು ನೀವು ಕಾದಿರಬಹುದು. ಇಲ್ಲ. ಅಷ್ಟು ಚೆನ್ನಾಗಿ ಕೂತ ಕನ್ನಡಕವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಅರ್ಧ ಧೈರ್ಯ ಅದನ್ನು ನೋಡಿಯೇ ಹೋಯಿತು.

ಫಿಟ್ಟಿಂಗ್ ಸುಸೂತ್ರವಾಗಿ ಆಯಿತು. ಮೇಲಿದ್ದರೆ ಮೇಲೆ, ಒಳಗಿದ್ದರೆ ಒಳಗೆ. ಕೈ ಮತ್ತು ಬಾಯಿ ಕೊನೆಗೂ ಒಂದೇ ತಾಳಕ್ಕೆ ಬಂದವು. ಉಳಿದದ್ದು ಲೆನ್ಸೋಮೀಟರ್. ಟ್ರೇಯಲ್ಲಿ ಐದು ಕನ್ನಡಕ ಇಟ್ಟಿದ್ದರು, ಐದರ ಪವರನ್ನೂ ಹುಡುಕಿ ಬರೆಯಬೇಕು.

ಲೆನ್ಸೋಮೀಟರಿನ ಕಿಂಡಿಯೊಳಗೆ ನೋಡುವುದಕ್ಕೆ ಚಾಳೀಸಿನ ಭಯವಿಲ್ಲ. ಐಪೀಸನ್ನು ಪೂರ್ತಿ ಹೊರಕ್ಕೆ ತಿರುಗಿಸಿ ಮೆಲ್ಲಗೆ ಒಳಕ್ಕೆ ತಂದು ನಮ್ಮ ಕಣ್ಣಿಗೆ ಹೊಂದಿಸಿಕೊಂಡರೆ ಒಳಗಿನ ಗೆರೆಗಳು ಯಾರಿಗಾದರೂ ಕಾಣುತ್ತವೆ. ಗೆರೆ ಸ್ಪಷ್ಟವಾಗುವ ತನಕ ಡ್ರಮ್ ತಿರುಗಿಸಿದೆ, ಕತ್ತರಿಸಿದ ಹಾಗೆ ನಿಂತವು. ಇನ್ನು ಡ್ರಮ್ಮಿನ ಮೇಲಿನ ಅಂಕಿ ಓದಿದರೆ ಮುಗಿಯಿತು. ಆ ಅಂಕಿ ಇರುವುದು ಹೊರಗೆ, ಸಾಸಿವೆಕಾಳಿನ ಗಾತ್ರದಲ್ಲಿ. ಅಲ್ಲಿ ನನಗೆ ಕಂಡದ್ದು ಇರುವೆಯ ಸಾಲು. ಅಭ್ಯಾಸಬಲದಿಂದ "ಎಷ್ಟು ನೋಡೋ" ಅಂತ ಪಕ್ಕಕ್ಕೆ ತಿರುಗಿದೆ. ಹುಡುಗ ಶಿವಮೊಗ್ಗದಲ್ಲಿದ್ದ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೇ ಯಜಮಾನರು ಮೆಷಿನ್ ಮುಟ್ಟಲು ಬಿಡುತ್ತಿರಲಿಲ್ಲ. ಗಾಜನ್ನು ಕಿಟಕಿ ಸರಳಿನ ಎದುರು ಹಿಡಿದು ಆಡಿಸು ಅನ್ನುತ್ತಿದ್ದರು. ಗಾಜು ಹೋದ ಕಡೆಗೇ ಸರಳೂ ಹೋದರೆ ಮೈನಸ್, ಎದುರು ಹೋದರೆ ಪ್ಲಸ್. ತಿರುಗಿಸಿದಾಗ ಸರಳು ಕತ್ತರಿಯ ಹಾಗೆ ಬಾಯಿ ತೆರೆದರೆ ಸಿಲಿಂಡರ್ ಇದೆ. ಟ್ರೇ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದೆ. ಮೀಸೆ ಮೂಡುವವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಮೊದಲನೆಯದು ಗಾಜಿನ ಜೊತೆಗೇ ಓಡಿತು. ಎರಡನೆಯದೂ ಹಾಗೇ. ಮೂರನೆಯದು ಎದುರು ಹೋಯಿತು, ಅವಸರವಿಲ್ಲದೆ, ಸಂಜೆ ವಾಕಿಂಗ್ ಹೊರಟವರ ಹಾಗೆ. ಕಡಿಮೆ ಪ್ಲಸ್. ತಿರುಗಿಸಿದೆ, ಕತ್ತರಿಯಿಲ್ಲ. ಮೂಗಿನ ಮೇಲೆ ಇಟ್ಟುಕೊಂಡು ಪ್ರಶ್ನೆಪತ್ರಿಕೆ ನೋಡಿದೆ. ಅಕ್ಷರಗಳು ಅಟೆನ್ಷನ್‌ನಲ್ಲಿ ನಿಂತವು.

ಮೆಷಿನ್ ಹತ್ತಿರ ವಾಪಸು ಬಂದು ನಾಲ್ಕು ಕನ್ನಡಕದ ಪವರನ್ನು ಕಾಲುಗಂಟೆಯೊಳಗೆ ಬರೆದೆ. ಮೇಡಂ ಬಂದು ಟ್ರೇ ನೋಡಿದರು, ಹಾಳೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಏನ್ರೀ ಇದು, ಪರೀಕ್ಷೆಗೆ ಕೊಟ್ಟಿದ್ದನ್ನೇ ಹಾಕ್ಕೊಂಡಿದೀರಲ್ಲ?"

"ಹೌದು ಮೇಡಂ."

"ಇದರ ಪವರ್ ಬರೆದಿಲ್ಲ."

"ಪ್ಲಸ್ ಒಂದೂವರೆ ಮೇಡಂ."

"ಮೆಷಿನ್‌ಗೆ ಇಟ್ಟೇ ಇಲ್ಲ, ಹೇಗೆ ಗೊತ್ತು?"

"ಇದನ್ನ ಮೆಷಿನ್‌ಗೆ ಇಟ್ರೆ ನಂಗೆ ಮೆಷಿನ್ನೇ ಕಾಣಲ್ಲ ಮೇಡಂ."

ಅವರು ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡರು. ಲೆನ್ಸೋಮೀಟರಿಗೆ ಇಟ್ಟು, ಕಿಂಡಿಯಲ್ಲಿ ನೋಡುತ್ತ ಡ್ರಮ್ ತಿರುಗಿಸಿ ನಿಲ್ಲಿಸಿದರು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು, ಡ್ರಮ್ಮಿನ ಮೇಲೆ ಬೆರಳಿಟ್ಟು, "ನೀವೇ ನೋಡಿ" ಅಂದರು.

ನಾನು ಬಗ್ಗಿ ನೋಡಿದೆ. ಇರುವೆಯ ಸಾಲು ಹಾಗೇ ಹೋಗುತ್ತಿತ್ತು.